ಬೆಕ್ಕಿನ ಹಿಂದೆ ಬಿದ್ದ ಮೋಡ: ಹವ್ಯಾಸಿ ಕಲಾವಿದರನ್ನು ಸೇರಿಸಿ ಅನಿಮೇಷನ್ ಮಾಡಿದ ನನ್ನ ಅನುಭವ

ಅಭಿಮಾನಿಗಳೇ ಸೇರಿ ಒಂದು ಅನಿಮೇಷನ್ ಚಿತ್ರ ಮಾಡೋಣ ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಜನರನ್ನು ಹುಡುಕುತ್ತಾರೆ. ನಾನು ಮೊದಲು ನೋಡಿದ್ದು ಲೈಸೆನ್ಸ್. ಹುಡುಗರು ನಿದ್ದೆಗೆಟ್ಟು ಬಿಡಿಸಿದ್ದನ್ನು ಯಾರದೋ ಒಂದು ನೋಟಿಸ್ ಬಂತು ಅಂತ ತೆಗೆದುಹಾಕಬೇಕಾದರೆ ಆಮೇಲೆ ಅವರಿಗೆ ಮುಖ ತೋರಿಸುವುದು ಹೇಗೆ?

ಅದಕ್ಕೇ ‘ಪೆಪ್ಪರ್ ಆಂಡ್ ಕ್ಯಾರೆಟ್’ ಆರಿಸಿಕೊಂಡೆ. ಫ್ರಾನ್ಸಿನ ಡೇವಿಡ್ ರೆವ್ವಾ 2014ರಿಂದ ಬಿಡಿಸುತ್ತಿರುವ ಕಾಮಿಕ್ ಅದು. ಪೆಪ್ಪರ್ ಅನ್ನುವ ಪುಟ್ಟ ಮಾಟಗಾತಿ, ಕ್ಯಾರೆಟ್ ಅನ್ನುವ ಅವಳ ಬೆಕ್ಕು. ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ ಲೈಸೆನ್ಸ್ ಇದೆ. ಮೂಲ ಕಲಾವಿದರ ಹೆಸರು ಹಾಕಬೇಕು, ಲೈಸೆನ್ಸ್ ಯಾವುದು ಅಂತ ಹೇಳಬೇಕು, ನಾವು ಬದಲಾಯಿಸಿದ್ದೀವಿ ಅಂತ ತಿಳಿಸಬೇಕು. ಅಷ್ಟು ಮಾಡಿದರೆ ಯಾರ ಅಪ್ಪಣೆಯೂ ಬೇಕಿಲ್ಲ. ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಅವರು ಮಾಡಿದ ಫೈಲುಗಳು ಲೇಯರ್ (ಒಂದರ ಮೇಲೊಂದು ಇಟ್ಟ ಚಿತ್ರದ ಪದರ) ಸಮೇತ ಡೌನ್‌ಲೋಡ್‌ಗೆ ಸಿಗುತ್ತವೆ. ರಷ್ಯಾದ ಮೊರೆವ್ನಾ ತಂಡ ಈ ಕಾಮಿಕ್‌ನ ಒಂದು ಕಂತನ್ನು ಅನಿಮೇಷನ್ ಮಾಡಿದ್ದನ್ನು ನೋಡಿ ನನಗೂ ಧೈರ್ಯ ಬಂತು.

ಕಥೆ ಮಾತ್ರ ನಮ್ಮದೇ. ಪೆಪ್ಪರ್ ಮಳೆ ತರಿಸುವ ಮದ್ದು ಕುದಿಸುತ್ತಾಳೆ. ಮೋಡವೇನೋ ಬರುತ್ತದೆ, ಆದರೆ ಊರಿನ ಮೇಲೆ ನಿಲ್ಲದೆ ಕ್ಯಾರೆಟ್ ಹಿಂದೆ ಬೀಳುತ್ತದೆ. ಬೆಕ್ಕು ಎಲ್ಲಿಗೆ ಹೋದರೆ ಅಲ್ಲಿಗೆ ಮಳೆ. ಚಿತ್ರದ ಉದ್ದ ಮೂರು ನಿಮಿಷ.

ಮೂರೇ ನಿಮಿಷ ತಾನೇ ಅನ್ನಬೇಡಿ. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಒಟ್ಟು 2,160. ಈ ಲೆಕ್ಕ ಕೇಳಿದವರು ಹೆದರಿ ದೂರ ಸರಿಯುತ್ತಾರೆ. ‘ನಾಲ್ಕು ಸೆಕೆಂಡಿನ ಒಂದು ಶಾಟ್, 48 ಚಿತ್ರ’ ಅಂದರೆ ಅದೇ ಜನ ‘ನನಗೊಂದು ಕೊಡಿ’ ಅನ್ನುತ್ತಾರೆ. ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಕೆಲಸ ಮಾಡುವವರಿಗೆ ಕೊಡುವ ತುಂಡು ಚಿಕ್ಕದಾಗಿರಬೇಕು. ಅದು ಪೂರ್ತಿ ಅವರದೇ ಆಗಿರಬೇಕು. ರಫ್‌ನಿಂದ ಬಣ್ಣದವರೆಗೆ ಒಂದು ಶಾಟ್ ಒಬ್ಬರಿಗೇ ಕೊಟ್ಟೆ. ಸ್ಟುಡಿಯೋಗಳಲ್ಲಿ ಕೀ, ಅಂದರೆ ಚಲನೆಯ ಮುಖ್ಯ ಚಿತ್ರ, ಬಿಡಿಸುವವರು ಬೇರೆ, ನಡುವಿನ ಚಿತ್ರ ತುಂಬುವವರು ಬೇರೆ, ಒರಟು ಗೆರೆ ತಿದ್ದಿ ಕ್ಲೀನಪ್ ಮಾಡುವವರು ಬೇರೆ. ದುಡ್ಡು ಕೊಡುವಲ್ಲಿ ಅದು ನಡೆಯುತ್ತದೆ. ಪ್ರೀತಿಗೆ ಬಂದವರನ್ನು ಬೇರೆಯವರ ಗೆರೆ ತಿದ್ದುವುದಕ್ಕೆ ಕೂರಿಸಿದರೆ ಎರಡೇ ವಾರಕ್ಕೆ ಉತ್ಸಾಹ ಇಳಿದುಹೋಗುತ್ತದೆ.

ಶೈಲಿಯ ಪ್ರಶ್ನೆ ಆಮೇಲೆ ಬಂತು. 2009ರಲ್ಲಿ ಕೇಸಿ ಪ್ಯೂ ಶುರು ಮಾಡಿದ ‘ಸ್ಟಾರ್ ವಾರ್ಸ್ ಅನ್‌ಕಟ್’ನಲ್ಲಿ ಇಡೀ ಮೂಲ ‘ಸ್ಟಾರ್ ವಾರ್ಸ್’ ಚಿತ್ರವನ್ನು 15 ಸೆಕೆಂಡಿನ ತುಂಡುಗಳಾಗಿ ಮಾಡಿ ಅಭಿಮಾನಿಗಳಿಗೆ ಹಂಚಿದ್ದರು. ಒಬ್ಬರು ಗೊಂಬೆ ಕುಣಿಸಿದರು, ಇನ್ನೊಬ್ಬರು ಮನೆಯಲ್ಲೇ ನಟಿಸಿದರು, ಮತ್ತೊಬ್ಬರು ಕಾರ್ಟೂನ್ ಬಿಡಿಸಿದರು. 2010ರಲ್ಲಿ ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ಅಲ್ಲಿ ಕಥೆ ನೋಡುವವರಿಗೆಲ್ಲ ಗೊತ್ತು, ಹಾಗಾಗಿ ತುಂಡು ತುಂಡಿಗೆ ರೂಪ ಬದಲಾದಷ್ಟೂ ಚೆನ್ನ. ನಮ್ಮದು ಯಾರೂ ಕೇಳದ ಕಥೆ. ಶಾಟಿಗೊಂದು ಥರ ಬೆಕ್ಕಿದ್ದರೆ ಜನ ಕಥೆ ಬಿಟ್ಟು ಬೆಕ್ಕನ್ನೇ ಗುರುತಿಸುತ್ತಾ ಕೂರುತ್ತಾರೆ. ಅದಕ್ಕೆ ಮೂರು ವಿಷಯ ಗಟ್ಟಿ ಮಾಡಿದೆ: ಮಾಡೆಲ್ ಶೀಟ್ (ಪಾತ್ರ ಎಲ್ಲ ಕಡೆಯಿಂದ ಹೇಗೆ ಕಾಣಬೇಕು ಅನ್ನುವ ಮಾದರಿ ಚಿತ್ರ), ಬಣ್ಣಗಳ ಪಟ್ಟಿ, ಗೆರೆಯ ದಪ್ಪ. ನಟನೆ ಪೂರ್ತಿ ಅವರವರಿಗೆ ಬಿಟ್ಟಿದ್ದು. ಕ್ಯಾರೆಟ್ ಸಿಟ್ಟಾಗುತ್ತಾ, ಮುಖ ತಿರುಗಿಸಿಕೊಂಡು ಕೂರುತ್ತಾ, ಅದನ್ನು ಶಾಟ್ ಮಾಡುವವರು ಹೇಳಬೇಕು.

ಜನರನ್ನು ಕರೆಯುವ ಮುಂಚೆ ಒರಟು ಗೆರೆಗಳಲ್ಲಿ ಇಡೀ ಚಿತ್ರದ ಅನಿಮ್ಯಾಟಿಕ್, ಅಂದರೆ ಸಮಯಕ್ಕೆ ಹೊಂದಿಸಿ ಓಡಿಸಿ ನೋಡುವ ಕಚ್ಚಾ ರೂಪ, ಮಾಡಿ, ಮಾತು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೆ. ಆಮೇಲೆ ಪ್ರತಿ ಶಾಟಿಗೂ ಒಂದೊಂದು ಫೋಲ್ಡರ್. ಅದರೊಳಗೆ 1920 ಗುಣಿಸು 1080 ಪಿಕ್ಸೆಲ್ ಅಳತೆಯಲ್ಲಿ, 24 ಫ್ರೇಮ್‌ಗೆ ಹೊಂದಿಸಿದ ಕ್ರಿಟಾ ಫೈಲ್. ಲೇಯರ್‌ಗಳಿಗೆ ಹೆಸರು ಇಟ್ಟಾಗಿದೆ, ಬಣ್ಣಗಳು ಪ್ಯಾಲೆಟ್‌ನಲ್ಲಿವೆ, ಆ ಶಾಟಿನಷ್ಟೇ ಉದ್ದದ ಧ್ವನಿ ತುಣುಕಿದೆ. ಹಿಂದಿನ ಶಾಟಿನ ಕೊನೆ ಚಿತ್ರ, ಮುಂದಿನ ಶಾಟಿನ ಮೊದಲ ಚಿತ್ರ ಎರಡೂ ಇವೆ. ಬೆಕ್ಕು ಎಡದಿಂದ ಓಡಿಬಂದು ಮುಂದಿನ ಶಾಟಿನಲ್ಲಿ ಬಲದಿಂದ ಬಂದುಬಿಟ್ಟರೆ ಎಲ್ಲ ಎಡವಟ್ಟು. ಮದುವೆ ಮನೆ ಅಡುಗೆಯವರ ಮುಂದೆ ತರಕಾರಿ ಹೆಚ್ಚಿಟ್ಟ ಹಾಗೆ ಫೈಲ್ ಇರಬೇಕು. ರಾತ್ರಿ ಊಟ ಮುಗಿಸಿ ಒಂದು ಗಂಟೆ ಸಿಕ್ಕವರು ಆ ಒಂದು ಗಂಟೆಯೂ ಬಿಡಿಸುತ್ತಲೇ ಕೂರುವ ಹಾಗಾಗಬೇಕು. ಕ್ರಿಟಾ ಉಚಿತ ಆಗಿದ್ದರಿಂದ ಸಾಫ್ಟ್‌ವೇರ್ ಇಲ್ಲ ಅನ್ನುವ ತೊಡಕು ಯಾರಿಗೂ ಬರಲಿಲ್ಲ.

ಬಂದವರು ಬಗೆಬಗೆಯವರು. ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಿದ್ದವರು, ಬೆಂಗಳೂರಿನ ಸ್ಟುಡಿಯೋಗಳಲ್ಲಿ ದುಡಿಯುವವರು, ಧಾರವಾಡದ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಡಬ್ಲಿನ್‌ನಲ್ಲಿರುವ ಒಬ್ಬ ಕನ್ನಡತಿ. ಸ್ಟುಡಿಯೋದವರಿಗೆ ಮೊದಲೇ ಹೇಳಿದೆ, ನಿಮ್ಮ ಕರಾರು ಪತ್ರ ಒಮ್ಮೆ ಓದಿ, ಹೊರಗಿನ ಕೆಲಸ ಮಾಡಬಾರದು ಅಂತ ಇದ್ದರೆ ಬೇಡ ಅಂತ. ಇಬ್ಬರು ಓದಿ ನೋಡಿ ಹಿಂದೆ ಸರಿದರು, ನನಗೆ ಅದೇ ಸರಿ ಅನ್ನಿಸಿತು. ಕೆಲಸ ಹೋಗುವಂಥ ಹವ್ಯಾಸ ಯಾರಿಗೂ ಬೇಡ.

ಹಳೆಯ ಕೆಲಸ ತೋರಿಸಿ ಅಂತ ಯಾರನ್ನೂ ಕೇಳಲಿಲ್ಲ. ಬದಲಿಗೆ ಕ್ಯಾರೆಟ್ ತಲೆ ತಿರುಗಿಸುವ ಒಂದು ಸೆಕೆಂಡ್ ಮಾಡಿಸಿದೆ. ಕೈ ಎಷ್ಟು ಪಳಗಿದೆ ಅನ್ನುವುದಕ್ಕಿಂತ, ಹೇಳಿದ ದಿನಕ್ಕೆ ಕೊಟ್ಟರಾ, ಆಗದಿದ್ದರೆ ತಿಳಿಸಿದರಾ ಅಂತ ನೋಡಿದೆ. ಮಾತಿಲ್ಲದೆ ಮಾಯವಾಗುವ ಒಬ್ಬರಿಂದ ಇಡೀ ಸೀನ್ ನಿಂತುಹೋಗುತ್ತದೆ.

ಹಾಗೆ ಮಾಯವಾಗದಿರಲಿ ಅಂತಲೇ ಒಂದು ನಿಯಮ ಇಟ್ಟೆ. ಶಾಟ್ ಯಾವಾಗ ಬೇಕಾದರೂ ವಾಪಸ್ ಕೊಡಬಹುದು, ಕಾರಣ ಹೇಳಬೇಕಿಲ್ಲ, ಇರುವ ಫೈಲ್ ಇದ್ದ ಹಾಗೆ ಕೊಟ್ಟರೆ ಸಾಕು. ಇದು ಬಹಳ ಕೆಲಸ ಮಾಡಿತು. ‘ಅಕ್ಕಾ, ಸೆಮ್ ಎಕ್ಸಾಮ್ ಶುರುವಾಯ್ತು, 17ನೇ ಶಾಟ್ ಬೇರೆಯವರಿಗೆ ಕೊಡ್ತೀರಾ?’ ಅಂತ ಒಂದು ಮೆಸೇಜ್ ಬಂದರೆ ಅವತ್ತೇ ಯಾವ ಶಾಟ್ ಯಾರಿಗೆ ಅಂತ ಬರೆದಿಟ್ಟ ಶೀಟ್‌ನಲ್ಲಿ ಆ ಸಾಲು ಖಾಲಿ ಅಂತ ಗುರುತು ಮಾಡುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಅದೇ ಹುಡುಗ ಬಂದು ಇನ್ನೊಂದು ಶಾಟ್ ಕೇಳಿದ. ಬೈದಿದ್ದರೆ ಬರುತ್ತಿದ್ದನಾ?

ತಿದ್ದುಪಡಿ ಹೇಳುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಕ್ಯಾರೆಟ್ ಮೈ ಕೊಡವಿ ನೀರು ಹಾರಿಸುವ ಶಾಟ್ ಒಂದಿತ್ತು. ಬಿಡಿಸಿದವಳು ಡಿಗ್ರಿ ಮೊದಲ ವರ್ಷದ ಹುಡುಗಿ. ಚಿತ್ರಗಳು ಒಂದೊಂದೂ ಚೆಂದ, ಆದರೆ ಓಡಿಸಿ ನೋಡಿದರೆ ಬೆಕ್ಕು ಮರದ ಗೊಂಬೆ ಥರ ಅಲುಗುತ್ತಿತ್ತು. ತಲೆ, ಮೈ, ಬಾಲ ಮೂರೂ ಒಟ್ಟಿಗೇ ತಿರುಗುತ್ತಿದ್ದವು. ಇದನ್ನು ಬರೆದು ಹೇಳಿದರೆ ಬೈದ ಹಾಗೆ ಕೇಳಿಸುತ್ತದೆ. ಅವಳ ಫೈಲ್ ಮೇಲೆ ಕೆಂಪು ಲೇಯರ್ ಒಂದು ಹಾಕಿ ಬಿಡಿಸಿ ಕಳಿಸಿದೆ. ಮೊದಲು ತಲೆ ತಿರುಗಿತು, ಎರಡು ಚಿತ್ರ ಬಿಟ್ಟು ಬೆನ್ನು, ಇನ್ನೆರಡು ಬಿಟ್ಟು ಬಾಲದ ಬುಡ, ಬಾಲದ ತುದಿ ಎಲ್ಲಕ್ಕಿಂತ ಕೊನೆಗೆ. ತಲೆ ಆಗಲೇ ವಾಪಸ್ ತಿರುಗುತ್ತಿರುವಾಗ ಬಾಲ ಇನ್ನೂ ಆ ಕಡೆಗೇ ಹೋಗುತ್ತಿರುತ್ತದೆ. ಅವಳು ಅದನ್ನು ಮಾಡಿದ್ದಲ್ಲದೆ, ಕಿವಿಗಳನ್ನೂ ಹಿಂದೆ ಉಳಿಸಿ, ಕೊನೆಯಲ್ಲಿ ಬೆಕ್ಕು ‘ಆಕ್ಷಿ’ ಅಂತ ಸೀನುವುದನ್ನೂ ಸೇರಿಸಿದಳು. ನಾನು ಹೇಳದ ಸೀನು ಅದು. ಇಡೀ ಚಿತ್ರದಲ್ಲಿ ಜನ ಜೋರಾಗಿ ನಗುವುದು ಅಲ್ಲೇ.

ಯಾರು ಏನೇ ಕಳಿಸಿದರೂ ಮರುದಿನದೊಳಗೆ ಉತ್ತರ ಕೊಡುತ್ತಿದ್ದೆ, ‘ನೋಡಿದೆ, ನಾಳೆ ವಿವರವಾಗಿ ಹೇಳ್ತೀನಿ’ ಅನ್ನುವಷ್ಟಾದರೂ. ಶನಿವಾರ ಸಂಜೆ ಬಂದ ಶಾಟುಗಳನ್ನೆಲ್ಲ ಅನಿಮ್ಯಾಟಿಕ್‌ನಲ್ಲಿ ಕೂರಿಸಿ ಗ್ರೂಪಿಗೆ ಹಾಕುತ್ತಿದ್ದೆ. ಒರಟು ಗೆರೆಗಳ ನಡುವೆ ತಮ್ಮ ನಾಲ್ಕು ಸೆಕೆಂಡ್ ಬಣ್ಣದಲ್ಲಿ ಹಾದುಹೋಗುವುದನ್ನು ನೋಡಿದವರಿಗೆ ಬೇರೆ ಹುರುಪು ಬೇಕಿಲ್ಲ.

ಯಾವ ಚಿತ್ರದಲ್ಲಾದರೂ ಯಾರೂ ಕೇಳದ ನಾಲ್ಕು ಕಷ್ಟದ ಶಾಟ್ ಉಳಿದೇ ಉಳಿಯುತ್ತವೆ. ಜಡಿಮಳೆ, ಗುಂಪು, ಕ್ಯಾಮೆರಾ ಸುತ್ತುವಂಥವು. ಅವನ್ನು ಕೊನೆಯವರೆಗೆ ಕಾಯಿಸದೆ, ಅನುಭವ ಇರುವವರಿಗೆ ಮೊದಲ ವಾರವೇ ಹಂಚಿದ್ದೆ. ಮಳೆಹನಿಗಳು ಮತ್ತೆ ಮತ್ತೆ ಬೀಳುವ ಒಂದು ಲೂಪ್ ಮಾಡಿ ಎಲ್ಲರಿಗೂ ಕೊಟ್ಟಿದ್ದರಿಂದ ಎಷ್ಟೋ ಕೆಲಸ ಉಳಿಯಿತು.

ದುಡ್ಡಿನ ವಿಷಯ ಮೊದಲ ದಿನವೇ ಹೇಳಿದ್ದೆ. ಯಾರಿಗೂ ಸಂಬಳ ಇಲ್ಲ, ನನಗೂ ಇಲ್ಲ, ಚಿತ್ರಕ್ಕೆ ಜಾಹೀರಾತೂ ಇಲ್ಲ. ಲೈಸೆನ್ಸ್ ಪ್ರಕಾರ ಮಾರಬಹುದಿತ್ತು. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ದುಡ್ಡು ಬರುವಂತಾದರೆ ಗುಂಪು ಉಳಿಯುವುದಿಲ್ಲ ಅಂತ ನನ್ನ ನಂಬಿಕೆ. ಕೊನೆಯ ಹೆಸರುಗಳ ಪಟ್ಟಿಯಲ್ಲಿ ಮೊದಲು ರೆವ್ವಾ, ಆಮೇಲೆ ಎಲ್ಲರೂ ಅಕಾರಾದಿಯಾಗಿ. ಮಾಡಿದ ಶಾಟಿನ ನಂಬರ್ ಹೆಸರಿನ ಪಕ್ಕದಲ್ಲೇ ಇದೆ, ಕೆಲಸ ಕೇಳಲು ಹೋದಾಗ ತೋರಿಸುವುದಕ್ಕೆ ಬೇಕಲ್ವಾ? ಅರ್ಧಕ್ಕೆ ವಾಪಸ್ ಕೊಟ್ಟವರ ಗೆರೆ ಚಿತ್ರದಲ್ಲಿ ಉಳಿದಿದ್ದರೆ ಅವರ ಹೆಸರೂ ಇದೆ.

ಎಲ್ಲ ಶಾಟುಗಳ ಕ್ರಿಟಾ ಫೈಲುಗಳನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಟ್ಟಿದ್ದೇವೆ. ಕ್ಯಾರೆಟ್ ನಡಿಗೆ, ಮಳೆಯ ಲೂಪ್, ಮೋಡ ಎಲ್ಲ ಅದರಲ್ಲಿವೆ. ಬೇಕಾದವರು ತೆಗೆದುಕೊಂಡು ತಮ್ಮ ಕಥೆಗೆ ಹಾಕಿಕೊಳ್ಳಬಹುದು. ಹಾಕಿಕೊಳ್ಳುವಾಗ ರೆವ್ವಾ ಹೆಸರಿನ ಜತೆ ಆ ಶಾಟ್ ಬಿಡಿಸಿದ ನಮ್ಮ ಹುಡುಗರ ಹೆಸರನ್ನೂ ಬರೆಯಿರಿ.