ಗಂಡುಬೆಕ್ಕಿನ ಬೀಜ ತೆಗೆಸಿದ ಮೇಲೆ: ಜಗಳ, ಅಲೆದಾಟ ಮತ್ತು ಎರಡು ತಿಂಗಳ ಕಾಯುವಿಕೆ

ಮೂಡಿಗೆರೆ ಕಡೆಯ ತೋಟಗಳಲ್ಲಿ ಇಲಿ, ಹೆಗ್ಗಣಕ್ಕೆಂದೇ ಬೆಕ್ಕು ಸಾಕುತ್ತೇವೆ. ಗಂಡುಮರಿಗೆ ಏಳೆಂಟು ತಿಂಗಳು ತುಂಬಿತೆಂದರೆ ಅಲೆದಾಟ ಶುರು. ಮೂರು ನಾಲ್ಕು ದಿನ ಕಾಣೆಯಾಗಿ, ಕಿವಿ ಹರಿಸಿಕೊಂಡು, ಕೆನ್ನೆಯಲ್ಲಿ ಕೀವು ಕಟ್ಟಿಸಿಕೊಂಡು ಬರುತ್ತದೆ. ಬೆಕ್ಕಿನ ಹಲ್ಲು ಸೂಜಿಯಂಥದ್ದು. ಮೇಲಿನ ತೂತು ಬೇಗ ಮುಚ್ಚಿ ಒಳಗೆ ಕೀವಾಗುತ್ತದೆ. ಬೆಕ್ಕಿನ ಏಡ್ಸ್ ಎನ್ನುವ ಎಫ್‌ಐವಿ ಹರಡುವುದೂ ಹೆಚ್ಚಾಗಿ ಈ ಕಡಿತದಿಂದಲೇ. ಹಾಗಾಗಿ ನಾನು ಐದನೇ ತಿಂಗಳಿಗೇ ಬೀಜ ತೆಗೆಸುತ್ತೇನೆ, ಉಚ್ಚೆ ಚಿಮ್ಮಿಸುವ ಚಾಳಿ ಹತ್ತುವ ಮೊದಲೇ.

ದೊಡ್ಡ ಬೆಕ್ಕಿಗೆ ಮಾಡಿಸಿದರೂ ಫಲ ಇದ್ದೇ ಇದೆ. ಅಮೆರಿಕದಲ್ಲಿ ಹಾರ್ಟ್ ಮತ್ತು ಬ್ಯಾರೆಟ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳೆದ ಗಂಡುಬೆಕ್ಕುಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚಿನವು ಅಲೆಯುವುದನ್ನೂ ಕಾದಾಡುವುದನ್ನೂ ಕಡಿಮೆ ಮಾಡಿದ್ದವು. ಕೆಲವು ಬೇಗ ಬದಲಾದವು, ಕೆಲವಕ್ಕೆ ತಿಂಗಳುಗಳೇ ಹಿಡಿದವು. ಜನ ಎಡವುವುದು ಇಲ್ಲೇ. ರಕ್ತದಲ್ಲಿನ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಒಂದೆರಡು ದಿನದಲ್ಲೇ ಇಳಿದುಬಿಡುತ್ತದೆ, ಆದರೆ ರೂಢಿ ಅಷ್ಟು ಬೇಗ ಬಿಡುವುದಿಲ್ಲ. ಹದಿನೈದು ದಿನಕ್ಕೇ 'ಆಪರೇಷನ್ ಫೇಲ್ ಆಯಿತು' ಅನ್ನಬೇಡಿ. ನಾನು ಎಂಟು ವಾರ ಕಾಯುತ್ತೇನೆ. ನಾಳದಲ್ಲಿ ವೀರ್ಯ ಉಳಿದಿರುತ್ತದೆ, ಆದ್ದರಿಂದ ಮೊದಲ ಐದಾರು ವಾರ ಬೆದೆಯ ಹೆಣ್ಣಿನ ಹತ್ತಿರ ಬಿಡಬಾರದು.

ಹೆದರಿಕೆಯಿಂದ ಕಚ್ಚುವ ಬೆಕ್ಕು, ಆಟದಲ್ಲಿ ಕೈ ಪರಚುವ ಮರಿ, ತಟ್ಟೆಗಾಗಿ ಗುರುಗುಟ್ಟುವುದು ಇವು ಹಾರ್ಮೋನಿನ ಕೆಲಸವಲ್ಲ, ಬೀಜ ತೆಗೆಸಿದರೂ ಹೋಗುವುದಿಲ್ಲ. ತಟ್ಟೆಗಳನ್ನು ದೂರ ದೂರ ಇಡಿ, ಎರಡು ಬೆಕ್ಕಿಗೆ ಮೂರು ಮರಳಿನ ಟ್ರೇ ಇಡಿ.

ಮಳೆಗಾಲದಲ್ಲಿ ನಾನು ಮಾಡಿಸುವುದಿಲ್ಲ. ಗಾಯ ಒಣಗದೆ ನೊಣ ಕೂತು ಹುಳ ಬೀಳುತ್ತದೆ. ಆಪರೇಷನ್‌ಗೆ ಮೊದಲು ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಬೇಡಿ, ಸಕ್ಕರೆ ಇಳಿದು ಸುಸ್ತಾಗುತ್ತದೆ. ಐದು ತಿಂಗಳ ಮರಿಗೆ ಮೂರು ನಾಲ್ಕು ಗಂಟೆ ಸಾಕು ಎಂಬುದು ನಾನು ಅನುಸರಿಸುವ ಲೆಕ್ಕ, ಆದರೂ ಡಾಕ್ಟರ ಮಾತೇ ಕೊನೆ. ಎರಡೂ ಬೀಜ ಚೀಲಕ್ಕೆ ಇಳಿದಿವೆಯೇ ಎಂದು ಮೊದಲೇ ಮುಟ್ಟಿ ನೋಡಿಸಿ. ಹೊಟ್ಟೆಯಲ್ಲಿ ಒಂದು ಉಳಿದರೂ ಬೆಕ್ಕು ಮೊದಲಿನಂತೆಯೇ ಅಲೆಯುತ್ತದೆ, ಕಾದಾಡುತ್ತದೆ. ಚೀಲಕ್ಕೆ ಹೊಲಿಗೆ ಹಾಕದೆ ಬಿಡುವುದೇ ರೂಢಿ, ಗಾಬರಿ ಬೇಡ.

ಮನೆಗೆ ತಂದ ಮೇಲೆ ಚಳಿಯದ್ದೇ ದೊಡ್ಡ ಭಯ. ಅರಿವಳಿಕೆಯಲ್ಲಿ ಮೈ ತಣ್ಣಗಾಗಿರುತ್ತದೆ. ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಪಕ್ಕಕ್ಕಿಡಿ. ಎತ್ತರದಿಂದ ಬೀಳದಂತೆ ಬುಟ್ಟಿಯನ್ನು ನೆಲದ ಮೇಲೇ ಇಡಿ. ಸರಿಯಾಗಿ ನಡೆಯುವವರೆಗೂ ಊಟ ಬೇಡ. ಟ್ರೇಗೆ ಒಂದು ವಾರ ಮರಳಿನ ಬದಲು ಹರಿದ ನ್ಯೂಸ್‌ಪೇಪರ್. ಗಾಯಕ್ಕೆ ಡೆಟಾಲ್ ಹಚ್ಚಬಾರದು, ನೆಲಕ್ಕೂ ಫಿನೈಲ್ ಬೇಡ. ಬೆಕ್ಕಿಗೆ ಇವೆರಡೂ ವಿಷ. ನೋವಿಗೆಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಹತ್ತು ದಿನ ಹೊರಗೆ ಬಿಡಬೇಡಿ.

ಹಳೇ ಉಚ್ಚೆಯ ವಾಸನೆ ಗೋಡೆಯಲ್ಲಿ ಉಳಿದರೆ ಬೆಕ್ಕು ಅಲ್ಲೇ ಮತ್ತೆ ಹೊಡೆಯುತ್ತದೆ. ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ನೀರಲ್ಲಿ ಕಲಸಿ ತಿಕ್ಕಿ, ತೊಳೆದು, ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್ ಒರೆಸುತ್ತೇನೆ. ಇಷ್ಟು ಮಾಡಿದರೂ ಹತ್ತರಲ್ಲಿ ಒಂದು ಬೆಕ್ಕು ಚಿಮ್ಮಿಸುವುದನ್ನು ಬಿಡುವುದಿಲ್ಲ.

ಬೀಜ ತೆಗೆಸಿದ ಮೇಲೆ ಊಟ ಕಾಲು ಭಾಗ ಕಡಿಮೆ ಮಾಡಿ, ಹಸಿವು ಹೆಚ್ಚಿದರೂ ಮೈಗೆ ಬೇಕಾದ ಶಕ್ತಿ ಇಳಿದಿರುತ್ತದೆ. ಕಾಳಿನಂತಿರುವ ಒಣ ಬೆಕ್ಕಿನ ಆಹಾರವನ್ನೇ ಬರೀ ಹಾಕದೆ ನೀರಿನಂಶ ಇರುವ ಊಟ ಕೊಡಿ. ನಿಂತು ಬಾಲ ನಡುಗಿಸಿದರೆ ಅದು ಉಚ್ಚೆ ಚಿಮ್ಮಿಸಿ ತನ್ನ ಜಾಗದ ಗುರುತು ಹಾಕುವುದು. ಕೂತು ಪದೇ ಪದೇ ತಿಣುಕಿ ಒಂದು ಹನಿಯೂ ಬಾರದಿದ್ದರೆ ಮೂತ್ರ ಕಟ್ಟಿದೆ ಎಂದರ್ಥ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.