ಸೊಳ್ಳೆ ಬ್ಯಾಟಿನಲ್ಲಿ ಕಣಜ ಹೊಡೆದದ್ದು

ಶಿರಸಿ ಕಡೆ ಜೇನು ಸಾಕುವವರಿಗೆ ನವರಾತ್ರಿ ಬಂತೆಂದರೆ ಕಣಜದ ಚಿಂತೆ. ಹೊಟ್ಟೆಗೆ ಹಳದಿ ಪಟ್ಟಿ ಇರುವ, ಜೇನುಹುಳ ಹಿಡಿಯುವ ಆ ದೊಡ್ಡ ಜಾತಿ ಗೊತ್ತಲ್ವಾ, ಅದೇ. ನಾಲ್ಕು ವರ್ಷದ ಹಿಂದೆ ನನ್ನ 8 ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪೆಟ್ಟಿಗೆಯಲ್ಲಿ 5 ದೀಪಾವಳಿಯೊಳಗೆ ಖಾಲಿಯಾದವು. ಸತ್ತದ್ದಕ್ಕಿಂತ ಹೆದರಿ ಹಾರಿಹೋದ ಜೇನು ಕುಟುಂಬವೇ ಜಾಸ್ತಿ. ಹೆಚ್ಚುಕಡಿಮೆ 20 ಸಾವಿರ ಹೋಯಿತು.

ಮೊದಲು ಬಾಟಲಿ ನೇತುಹಾಕಿದೆ. ಬೆಲ್ಲದ ನೀರಿಗೆ ನನ್ನ ಜೇನೇ ಬಿದ್ದು ಸತ್ತವು. ಮೀನಿನ ತುಂಡು ಹಾಕಿದೆ. ನೊಣ ಬಂತು, ಪಕ್ಕದ ಮನೆ ಬೆಕ್ಕು ಬಂತು, ಕಣಜ ಎರಡೋ ಮೂರೋ. ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಹೊಡೆದೆ. ಕಣಜ ಒಳಗೆ ನುಗ್ಗಲಿಲ್ಲ, ಆದರೆ ಜಾಲರಿ ದಾಟಲು ತಡವರಿಸುವ ಜೇನುಹುಳುಗಳನ್ನು ಬಾಗಿಲಲ್ಲೇ ಹಿಡಿಯಿತು. ಒಂದು ರಾತ್ರಿ ಸೂಡಿ (ಒಣಗರಿಯ ಪಂಜು) ಹಿಡಿದು ಕಣಜದ ಗೂಡಿನ ಬುಡಕ್ಕೇ ಹೋದೆ. ಕುತ್ತಿಗೆಗೆ ನಾಲ್ಕು ಕಡೆ ಕಚ್ಚಿದವು, ಆಸ್ಪತ್ರೆಗೆ 1,800 ಹೋಯಿತು. ಅದನ್ನು ಯಾರೂ ಮಾಡಬೇಡಿ.

ಕೊನೆಗೆ 350 ರೂಪಾಯಿಯ ಸೊಳ್ಳೆ ಬ್ಯಾಟ್ ತಂದೆ. "ಏನು ಮಾರಾಯ, ಅಂಗಳದಲ್ಲಿ ಷಟಲ್ ಶುರು ಮಾಡಿದ್ಯಾ?" ಎಂದು ಪಕ್ಕದ ತೋಟದವರು ನಕ್ಕರು. ಮೊದಲ ವರ್ಷ ನವರಾತ್ರಿಯಲ್ಲೇ ಹೊಡೆದೆ. ದಿನಕ್ಕೆ 40 ಬಿದ್ದರೂ ಮರುದಿನ ಅಷ್ಟೇ ಹಾಜರ್. ಮುಂದಿನ ವರ್ಷ ಮೇ ತಿಂಗಳಿಂದಲೇ ಕಾದು ನಿಂತೆ. ಆಗ ಬರುವುದು ಒಂಟಿ ಕಣಜ, ಗೂಡು ಕಟ್ಟಲು ಹೊರಟ ರಾಣಿ. ಅದೊಂದು ಬಿದ್ದರೆ ಒಂದು ಗೂಡೇ ಹೋದ ಹಾಗೆ. ಜೂನ್ ಮುಗಿಯುವಷ್ಟರಲ್ಲಿ 18ಓ 20ಓ ಸಿಕ್ಕವು. ಬ್ಯಾಟಿಗೆ ಅದು ಸಾಯುವುದಿಲ್ಲ, ಮಂಕಾಗಿ ಬೀಳುತ್ತದೆ. ತಕ್ಷಣ ಚಪ್ಪಲಿ ಕಾಲಲ್ಲಿ ತುಳಿಯಬೇಕು. ಯಾವ ಹೊತ್ತಿಗೆ, ಪೆಟ್ಟಿಗೆಯ ಯಾವ ಮಗ್ಗುಲಿಗೆ ನಿಲ್ಲಬೇಕು ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚಾಟ. ತುಡುವೆ ಹುಳುಗಳು ಕಣಜವನ್ನು ಮುತ್ತಿ ಉಂಡೆಯಾಗಿ, ಕಾವಿನಲ್ಲೇ ಕೊಲ್ಲುವುದುಂಟು. ಆ ಉಂಡೆಗೆ ಜ್ವರದ ಥರ್ಮಾಮೀಟರ್ ತೂರಿಸಿದೆ. ಪಾದರಸ 42 ಡಿಗ್ರಿ ಸೆಲ್ಸಿಯಸ್‌ಗೆ ಹೋಗಿ ನಿಂತಿತು, ಅದರ ಮೇಲೆ ಗೀಟೇ ಇಲ್ಲ. ನಿಜಕ್ಕೂ 46ರ ಹತ್ತಿರ ಏರುತ್ತದೆ. ಥರ್ಮಾಮೀಟರ್ ಯಾಕೆ ಅಂಟಂಟು ಎಂದು ಮನೆಯವಳು ಕೇಳಿದ್ದಳು, ಇನ್ನೂ ಹೇಳಿಲ್ಲ.

ಸೂರಿನಡಿ ಕಾಗದದಂಥ ಗೂಡು ಕಟ್ಟುವ ಸಣ್ಣ ಕಣಜವನ್ನು ಮುಟ್ಟಲಿಲ್ಲ. ತರಕಾರಿಯ ಕಂಬಳಿಹುಳ ಹೆಕ್ಕುತ್ತವೆ, ಇರಲಿ ಬಿಡಿ.

ಹೋದ ದೀಪಾವಳಿಗೆ 11ರಲ್ಲಿ 10 ಪೆಟ್ಟಿಗೆ ಉಳಿದವು. ಷಟಲ್ ಅಂದವರು ಮೊನ್ನೆ ಬ್ಯಾಟ್ ಕೇಳಿಕೊಂಡು ಬಂದಿದ್ದರು. ಕೊಟ್ಟೆ. ಚಾರ್ಜ್ ಮಾತ್ರ ಮಾಡಿರಲಿಲ್ಲ.