ಕಸದ ಬುಟ್ಟಿ ನೋಡಿ ಗಿಡ ಹಾಕಿದೆವು

ಮನೆಖರ್ಚು ಇಳಿಸಬೇಕು ಅಂದುಕೊಂಡ ಕೂಡಲೇ ಬಹಳ ಜನ ಕುಂಡ, ಮಣ್ಣು, ಬೀಜ ಕೊಳ್ಳಲು ಹೊರಡುತ್ತಾರೆ. ಉಳಿತಾಯ ಶುರುವಾಗುವುದೇ ಖರ್ಚಿನಿಂದ! ನಮ್ಮಲ್ಲಿ ಕೈತೋಟ ಬಂದದ್ದು ಆಮೇಲೆ. ಅದಕ್ಕೂ ಮೊದಲು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ಒಂದು ಪುಸ್ತಕ ತೂಗುಹಾಕಿದೆ. ತಂದದ್ದನ್ನು ಬರೆಯುವುದಕ್ಕಲ್ಲ, ಎಸೆದದ್ದನ್ನು ಬರೆಯುವುದಕ್ಕೆ. ಏನು ಎಸೆದೆವು, ಅಂದಾಜು ಎಷ್ಟು, ಯಾಕೆ ಎಂದು ಮೂರು ಕಾಲಂ.

ಇದರಲ್ಲಿ ಕೆಲಸಕ್ಕೆ ಬರುವುದು ‘ಯಾಕೆ’ ಎಂಬ ಕಾಲಂ. ‘ಕೊಳೆತಿತ್ತು’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ‘ಕಟ್ಟು ದೊಡ್ಡದು, ಬೇಕಿದ್ದದ್ದು ಒಂದು ಹಿಡಿ’ ಎಂದು ಬರೆದರೆ ಮುಂದೇನು ಮಾಡಬೇಕೆಂಬುದು ಅಲ್ಲೇ ಕಾಣುತ್ತದೆ. ಮಗಳು ಅರ್ಧ ತಿಂದ ಬಾಳೆಹಣ್ಣು ಹಿಡಿದು ಬಂದು “ಅಮ್ಮಾ, ಇದನ್ನೂ ಬರೀಬೇಕಾ?” ಎಂದು ಕೇಳುತ್ತಿದ್ದಳು. ಬರೆಯಬೇಕು ಅಂದರೆ ಉಳಿದ ಅರ್ಧವನ್ನೂ ತಿಂದುಬಿಡುತ್ತಿದ್ದಳು. ಬರೆಯುವುದರಿಂದ ಆದ ಮೊದಲ ಉಳಿತಾಯ ಅದೇ ಇರಬೇಕು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಾದ್ಯಂತ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಮನೆಗಳಲ್ಲೇ ಪೋಲಾದದ್ದು. ಹೋಟೆಲು, ಅಂಗಡಿಗಳೆಲ್ಲ ಸೇರಿದರೂ ನಮ್ಮ ಅಡುಗೆಮನೆಗಳಷ್ಟು ಎಸೆಯುವುದಿಲ್ಲ. ತಲೆಗೆ ವರ್ಷಕ್ಕೆ 79 ಕಿಲೊ ಎಂಬುದು ಮನೆಗಳ ಸರಾಸರಿ ಲೆಕ್ಕ.

ನಮ್ಮ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದದ್ದು ಕೊತ್ತಂಬರಿ, ಪುದೀನ, ಮೆಂತ್ಯದಂಥ ಸೊಪ್ಪು. ಅದರ ಹಿಂದೆಯೇ ಮಿಕ್ಕಿದ ಅಡುಗೆ. ಅಪರೂಪಕ್ಕಾದರೂ ಪ್ರತಿ ಸಲವೂ ದೊಡ್ಡ ಪ್ರಮಾಣದಲ್ಲಿ ಹೋಗುತ್ತಿದ್ದದ್ದು ಡಬ್ಬಿಗಳ ಸಾಲಿನ ಹಿಂದೆ ಮರೆತುಹೋದ ಹುಳ ಹಿಡಿದ ಹಿಟ್ಟು, ಕಮಟು ಹತ್ತಿದ ಎಣ್ಣೆ. ಯಾವ ಗಿಡ ಹಾಕಬೇಕು ಎಂಬುದನ್ನು ಈ ಪಟ್ಟಿಯೇ ತೀರ್ಮಾನಿಸಿತು. ಸ್ವಲ್ಪವೇ ಬೇಕಾಗುವ, ಆದರೆ ದಿನವೂ ಬೇಕಾಗುವ, ತಂದ ಮೂರನೇ ದಿನಕ್ಕೆ ಬಾಡುವ ವಸ್ತು ಯಾವುದೋ ಅದನ್ನು ಬೆಳೆಯುವುದು. ಆಲೂಗಡ್ಡೆ, ಈರುಳ್ಳಿ, ಕುಂಬಳಕಾಯಿ ಬೇಡ. ಅವು ಜಾಗ ತಿನ್ನುತ್ತವೆ, ತಿಂಗಳುಗಟ್ಟಲೆ ಕಾಯಿಸುತ್ತವೆ. ಕೊಂಡು ತಂದರೂ ವಾರಗಟ್ಟಲೆ ಕೆಡುವುದಿಲ್ಲ. ಬಾಲ್ಕನಿಯಲ್ಲಿ ಆಲೂಗಡ್ಡೆ ಬೆಳೆಯುವ ಉತ್ಸಾಹಿಗಳ ಬಗ್ಗೆ ನನಗೆ ಗೌರವವಿದೆ, ಆದರೆ ಅದು ಹವ್ಯಾಸ, ಮಿತವ್ಯಯವಲ್ಲ.

ಸೊಪ್ಪಿನ ಗಿಡದ ಲಾಭ ಕಿಲೊ ಲೆಕ್ಕದಲ್ಲಿ ಕಾಣುವುದಿಲ್ಲ. ಬೇಕಾದಷ್ಟನ್ನೇ ಕತ್ತರಿಸಿ ತಂದರೆ ಉಳಿದದ್ದು ಬೇರಿನ ಮೇಲೆ ತಾಜಾ ಆಗಿಯೇ ಇರುತ್ತದೆ, ಲಾಭ ಇರುವುದು ಅಲ್ಲಿ. ಒಲೆಯ ಮೇಲೆ ಪಾತ್ರೆ ಇಟ್ಟಮೇಲೆ ಕತ್ತರಿ ಹಿಡಿದು ಹೊರಗೆ ಹೋಗುತ್ತೇನೆ. ನಾಲ್ಕು ದಂಟು ಸಾಕೆಂದರೆ ನಾಲ್ಕೇ ದಂಟು.

ಬೀಜವನ್ನೂ ಬೇರೆಯಾಗಿ ಕೊಂಡಿಲ್ಲ. ಧನಿಯ, ಮೆಂತ್ಯ ಎರಡೂ ಮಸಾಲೆ ಡಬ್ಬಿಯಲ್ಲೇ ಇವೆ, ತೀರಾ ಹಳೆಯದಾಗಿರಬಾರದು ಅಷ್ಟೆ. ಅನುಮಾನವಿದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಆರೇಳು ಮೊಳೆತರೆ ಬಿತ್ತಬಹುದು. ಮೆಂತ್ಯ ಒಂದೆರಡು ದಿನದಲ್ಲೇ ಉತ್ತರ ಹೇಳುತ್ತದೆ, ಧನಿಯಕ್ಕೆ ಎರಡು ವಾರದವರೆಗೂ ತಾಳ್ಮೆ ಬೇಕು. ದುಂಡಗಿನ ಒಂದು ಧನಿಯದೊಳಗೆ ಎರಡು ಬೀಜ ಅಂಟಿಕೊಂಡಿರುತ್ತವೆ. ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಹೋಳು ಮಾಡಿ, ರಾತ್ರಿ ನೀರಲ್ಲಿ ನೆನೆಸಿ ಬಿತ್ತಿದರೆ ಸಾಲು ಸಮನಾಗಿ ಬರುತ್ತದೆ. ಇಡೀ ಕುಂಡಕ್ಕೆ ಒಂದೇ ದಿನ ಬಿತ್ತಬಾರದು. ಕಾಲುಭಾಗ ಇವತ್ತು, ಇನ್ನು ಕಾಲುಭಾಗ ಎರಡು ವಾರ ಬಿಟ್ಟು. ಇಲ್ಲದಿದ್ದರೆ ಎಲ್ಲವೂ ಒಟ್ಟಿಗೇ ಬೆಳೆದು ಒಟ್ಟಿಗೇ ಹೂ ಬಿಡುತ್ತವೆ. ಸೆಕೆ ಏರಿದರೆ ಕೊತ್ತಂಬರಿ ಬೇಗ ಹೂವಿಗೆ ತಿರುಗುತ್ತದೆ, ಆಗ ಮಧ್ಯಾಹ್ನದ ಬಿಸಿಲು ತಪ್ಪುವ ಕಡೆ ಸರಿಸಬೇಕು. ಹೂ ಬಿಟ್ಟರೂ ನಷ್ಟವಿಲ್ಲ, ಒಂದೆರಡು ಗಿಡ ಹಾಗೇ ಬಿಟ್ಟರೆ ಮುಂದಿನ ಬಿತ್ತನೆಯ ಬೀಜ ಅದರಲ್ಲೇ ಆಗುತ್ತದೆ.

ಪುದೀನಕ್ಕೆ ಬೀಜವೇ ಬೇಡ. ಕಟ್ಟಿನಲ್ಲಿ ಬಂದ ಗಟ್ಟಿ ದಂಟನ್ನು ನೀರಿನ ಲೋಟದಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ. ಅದಕ್ಕೆ ಮಾತ್ರ ಪ್ರತ್ಯೇಕ ಕುಂಡ ಕೊಡಿ. ಬೇರೆ ಗಿಡದ ಜೊತೆ ಹಾಕಿದರೆ ಒಂದೇ ಋತುವಿನಲ್ಲಿ ಇಡೀ ಜಾಗವನ್ನು ತನ್ನದಾಗಿಸಿಕೊಳ್ಳುತ್ತದೆ. ಈರುಳ್ಳಿ ಸೊಪ್ಪಿನ ಬುಡದ ಬಿಳಿ ತುಂಡನ್ನು ಬೇರಿನ ಸಮೇತ ಮಣ್ಣಿಗೆ ಊರಿದರೆ ಮತ್ತೆ ಚಿಗುರುತ್ತದೆ. ದಂಟಿನ ಸೊಪ್ಪು ಮೂರು ನಾಲ್ಕು ವಾರಕ್ಕೇ ಕೈಗೆ ಬರುತ್ತದೆ. ಅದರ ಬೀಜ ಬಹಳ ಸಣ್ಣದು, ಒಂದು ಹಿಡಿ ಒಣಮರಳಿನಲ್ಲಿ ಕಲಸಿ ಉದುರಿಸಿದರೆ ಒಂದೇ ಕಡೆ ಗುಪ್ಪೆಯಾಗುವುದಿಲ್ಲ.

ಟೊಮೆಟೊ ಬಗ್ಗೆ ನನ್ನ ಅಭಿಪ್ರಾಯ ಅರ್ಧಂಬರ್ಧ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು, ಒಂದು ಅಡಿಗಿಂತ ಆಳದ ಕುಂಡ, ತಪ್ಪದೆ ನೀರು ಇಷ್ಟೂ ಇದ್ದರೆ ಹಾಕಿ. ಒಂದು ದಿನ ಒಣಗಿಸಿ ಮರುದಿನ ಸುರಿದರೆ ಹಣ್ಣಿನ ತಳ ಕಪ್ಪಾಗಿ ಕೂರುತ್ತದೆ. ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದು ಇದಕ್ಕೆ ಕಾರಣ ಎಂದು ಓದಿದವರು ಪುಡಿ ತಂದು ಹಾಕುತ್ತಾರೆ. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದನ್ನು ಹೊತ್ತೊಯ್ಯುವ ನೀರು ಮಾತ್ರ ಹದವಾಗಿ ಸಿಕ್ಕಿರುವುದಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ನೀರು ಹಾಕುವುದು, ಇಷ್ಟೇ ಮದ್ದು. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಇದಕ್ಕೆ ಧಾರಾಳ ಸಾಕು.

ಕುಂಡದ ಬದಲು ಹಳೇ ಬಕೆಟ್ಟು, ಎಣ್ಣೆ ಡಬ್ಬ. ತಳಕ್ಕೆ ತೂತು ಇರಲೇಬೇಕು. ಬಣ್ಣ ಅಥವಾ ಕೀಟನಾಶಕ ತುಂಬಿದ್ದ ಡಬ್ಬ ಮಾತ್ರ ಎಷ್ಟು ತೊಳೆದರೂ ಬೇಡ. ನಿಜವಾಗಿ ದುಡ್ಡು ಹೋಗುವುದು ಮಣ್ಣು ಗೊಬ್ಬರಕ್ಕೆ. ಆದ್ದರಿಂದ ಸಿಪ್ಪೆಯ ಗೊಬ್ಬರ ಮೊದಲೇ ಶುರು ಮಾಡಬೇಕು. ಒಂದು ಪಾಲು ಹಸಿ ಸಿಪ್ಪೆಗೆ ಎರಡು ಮೂರು ಪಾಲು ಒಣ ಎಲೆ ಅಥವಾ ಹರಿದ ರಟ್ಟು. ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ಒಣ ಎಲೆ ಸಾಲದು, ಪುಡಿಪುಡಿಯಾಗಿ ಉದುರಿದರೆ ನೀರು ಸಾಲದು. ನಾರುತ್ತಿದೆ ಎಂದರೆ ಗಾಳಿ ಆಡುತ್ತಿಲ್ಲ. ಕೆದಕಿ ಒಣ ಎಲೆ ಸೇರಿಸಿದರೆ ಒಂದೆರಡು ದಿನದಲ್ಲಿ ವಾಸನೆ ತಗ್ಗುತ್ತದೆ. ಎಣ್ಣೆ ಜಿಡ್ಡಿನ ಅಡುಗೆ, ಮಾಂಸ ಹಾಕಬೇಡಿ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಆಗ ಸಿದ್ಧ ಎಂದು ಲೆಕ್ಕ.

ಒಲೆಯ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಇಷ್ಟವಾದ ಭಾಗ ಇದು. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 314 ಕಿಲೊಜೂಲ್ ಶಾಖ ಬೇಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕಾಗುವುದು ಸುಮಾರು 2,257 ಕಿಲೊಜೂಲ್, ಏಳು ಪಟ್ಟು. ತೆರೆದ ಪಾತ್ರೆಯ ನೀರು ಕುದಿ ಬಂದಮೇಲೆ ಎಷ್ಟು ಉರಿ ಕೊಟ್ಟರೂ ಅದರ ತಾಪಮಾನ ಸುಮಾರು 100 ಡಿಗ್ರಿ ದಾಟುವುದಿಲ್ಲ. ಭೋರೆಂದು ಕುದಿಸಿದರೂ ಮೆಲ್ಲಗೆ ಕುದಿಸಿದರೂ ಬೇಳೆ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಬೇಯುತ್ತದೆ. ಹೆಚ್ಚುವರಿ ಉರಿಯೆಲ್ಲ ಆವಿಯಾಗಿ ಚಾವಣಿ ಸೇರುತ್ತದೆ. ಇದು ತಲೆಗೆ ಹೋದ ಮೇಲೆ ಕುದಿ ಬಂದ ಕ್ಷಣಕ್ಕೆ ಕೈ ತಾನಾಗಿ ನಾಬ್‌ ಕಡೆಗೆ ಹೋಗುತ್ತದೆ. ಮುಚ್ಚಳ ಮುಚ್ಚಿ, ಉರಿ ಸಣ್ಣ ಮಾಡುವುದು. ಕುಕ್ಕರಿನೊಳಗೆ ಒತ್ತಡದಿಂದಾಗಿ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ, ಅದಕ್ಕೇ ಬೇಗ ಬೇಯುವುದು. ಅಲ್ಲಿಯೂ ಮೊದಲ ಸೀಟಿಯ ನಂತರ ಸಣ್ಣ ಉರಿ ಸಾಕು. ಸೀಟಿ ಎಣಿಸುವುದಕ್ಕಿಂತ ಗಡಿಯಾರ ನೋಡುವುದು ಮೇಲು.

ಅಕ್ಕಿ, ತೊಗರಿ, ಹೆಸರು ಇಂಥವಕ್ಕೆ ಇನ್ನೊಂದು ಉಪಾಯವುಂಟು. ದಪ್ಪ ತಳದ ಪಾತ್ರೆಯಲ್ಲಿ ಚೆನ್ನಾಗಿ ಕುದಿ ಬರಿಸಿ, ಮುಚ್ಚಳ ಬಿಗಿ ಮಾಡಿ, ಒಲೆ ಆರಿಸಿ, ಹಳೇ ಕಂಬಳಿಯಲ್ಲಿ ಸುತ್ತಿಡುವುದು. ಉಳಿದ ಬೇಯುವಿಕೆ ಒಳಗಿನ ಬಿಸಿಯಲ್ಲೇ ಆಗುತ್ತದೆ. ಆದರೆ ರಾಜ್ಮಾಗೆ ಇದನ್ನು ನೇರವಾಗಿ ಮಾಡಬಾರದು. ಅದರಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್‌ ಎಂಬ ವಿಷಾಂಶವಿದೆ. ಅರೆಬೆಂದರೆ ಅದು ಉಳಿದುಕೊಳ್ಳುತ್ತದೆ. 12 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಭೋರೆಂದು ಕುದಿಸಲೇಬೇಕು. ಇಲ್ಲಿ ಗ್ಯಾಸ್ ಉಳಿಸಲು ಹೋಗಬೇಡಿ.

ಮಿಕ್ಕಿದ ಅನ್ನದ ವಿಷಯದಲ್ಲೂ ಹಾಗೆಯೇ. ಬೇಯಿಸಿದರೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾ ಅಕ್ಕಿಯಲ್ಲಿರುತ್ತದೆ. ಅನ್ನ ಬೆಚ್ಚಗೆ ಹೊರಗೇ ಕೂತರೆ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಿಕ್ಕೀತು ಅನಿಸಿದರೆ ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮರೆತು ರಾತ್ರಿಯಿಡೀ ಹೊರಗೇ ಉಳಿದ ಅನ್ನವನ್ನು ನಾನು ಗೊಬ್ಬರದ ಡಬ್ಬಕ್ಕೆ ಹಾಕಿ ಪುಸ್ತಕದಲ್ಲಿ ಬರೆಯುತ್ತೇನೆ. ಜಿಪುಣತನಕ್ಕೂ ಒಂದು ಗೆರೆ ಇರಬೇಕು.

ವಾರದ ಅಡುಗೆಯ ಪಟ್ಟಿ ಮಾಡುವಾಗ ಏಳು ದಿನಕ್ಕೂ ಬರೆಯುವುದಿಲ್ಲ, ಐದಕ್ಕೆ ಮಾತ್ರ. ಉಳಿದೆರಡು ದಿನ ಮಿಕ್ಕಿದ್ದಕ್ಕೆ, ನೆಂಟರಿಗೆ, ಸೋಮಾರಿತನಕ್ಕೆ. ಇನ್ನೊಂದು ಚೀಟಿ ಫ್ರಿಜ್ಜಿನ ಬಾಗಿಲ ಮೇಲಿದೆ: ‘ಮೊದಲು ಮುಗಿಯಬೇಕಾದ್ದು’. ಸೊಪ್ಪು, ಬೆಂಡೆ, ಸೌತೆ ವಾರದ ಮೊದಲರ್ಧಕ್ಕೆ. ಎಲೆಕೋಸು, ಕ್ಯಾರೆಟ್, ಕುಂಬಳ ಕೊನೆಗೆ. ಮನೆಯವರು ಮಾರುಕಟ್ಟೆಗೆ ಹೊರಡುವ ಮುಂಚೆ ಈ ಚೀಟಿಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದಿಲ್ಲದೆ ಹೋದರೆ ಇರುವ ಎಲೆಕೋಸಿನ ಜೊತೆಗೆ ಇನ್ನೊಂದು ಎಲೆಕೋಸು ಬರುವುದು ಖಂಡಿತ. ಕಾಳು ನೆನೆಸಿದರೆ ಎರಡರಷ್ಟು ನೆನೆಸಿ, ಒಟ್ಟಿಗೇ ಬೇಯಿಸಿ, ಅರ್ಧ ಫ್ರೀಜರಿಗೆ ಹಾಕುತ್ತೇನೆ. ದಣಿದು ಬಂದ ಸಂಜೆ ಹೊರಗಿನ ಊಟ ತರಿಸದಂತೆ ತಡೆಯುವುದು ಆ ಡಬ್ಬಿಯೇ.

ಇಡುವ ಜಾಗದ ಬಗ್ಗೆ ಚುಟುಕಾಗಿ. ಆಲೂಗಡ್ಡೆ, ಈರುಳ್ಳಿ ಒಂದೇ ಬುಟ್ಟಿಯಲ್ಲಿ ಬೇಡ. ಆಲೂಗಡ್ಡೆಗೆ ಬೆಳಕೂ ಬೇಡ, ಹಸಿರಾಗುತ್ತದೆ. ಬಾಳೆ, ಸೇಬು, ಮಾಗಿದ ಟೊಮೆಟೊ ಎಥಿಲೀನ್ ಅನಿಲ ಬಿಡುತ್ತವೆ, ಪಕ್ಕದಲ್ಲಿ ಸೊಪ್ಪಿದ್ದರೆ ಬೇಗ ಹಳದಿಯಾಗುತ್ತದೆ. ಹೊಸ ಪೊಟ್ಟಣ ಹಿಂದೆ, ಹಳೆಯದು ಮುಂದೆ. ದೊಡ್ಡ ಚೀಲ ಕೊಂಡರೆ ಅಗ್ಗ ಎನ್ನುವುದು ಅಕ್ಕಿ ಬೇಳೆಗೆ ನಿಜ. ಎಣ್ಣೆ, ಗೋಡಂಬಿಯಂಥ ಬೀಜ, ಪುಡಿ ಮಾಡಿದ ಮಸಾಲೆಗೆ ಅಲ್ಲ. ಮುಗಿಯುವ ಮೊದಲೇ ಅವು ಕೆಡುತ್ತವೆ ಅಥವಾ ಘಮ ಕಳೆದುಕೊಳ್ಳುತ್ತವೆ. ಕಿಲೊಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿದರೆ ದೊಡ್ಡ ಪೊಟ್ಟಣವೇ ದುಬಾರಿ ಇರುವುದೂ ಉಂಟು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಹೇಳುತ್ತಾರೆ, ಹಾಸಿಗೆಯನ್ನು ಅಳೆದವರು ಕಡಿಮೆ. ದಿನದಿನದ ಚಿಲ್ಲರೆ ಖರ್ಚು ಬರೆದಿಡುವುದು ನನ್ನಿಂದ ಆಗಲಿಲ್ಲ, ಬೇಕಾಗಿಯೂ ಇರಲಿಲ್ಲ. ತಿಂಗಳ ಲೆಕ್ಕ ತಪ್ಪಿಸುತ್ತಿದ್ದದ್ದು ವರ್ಷಕ್ಕೊಮ್ಮೆ ಬರುವ ಖರ್ಚು: ಶಾಲೆಯ ಫೀಸು, ವಿಮೆ, ತೆರಿಗೆ, ಗಾಡಿ ಸರ್ವಿಸು, ಕೆಟ್ಟುಹೋಗುವ ಉಪಕರಣಗಳು. ಅವೆಲ್ಲವನ್ನೂ ಒಂದು ಹಾಳೆಯಲ್ಲಿ ಕೂಡಿಸಿ 12ರಿಂದ ಭಾಗಿಸಿ, ಬರುವ ಮೊತ್ತವನ್ನು ಸಂಬಳದ ದಿನವೇ ಬೇರೆ ಖಾತೆಗೆ ಹಾಕುತ್ತೇವೆ. ಕುಕ್ಕರಿನ ಗ್ಯಾಸ್ಕೆಟ್ಟು, ಫಿಲ್ಟರಿನ ಕ್ಯಾಂಡಲ್ಲು ಈ ಸಲ ಅದರಿಂದಲೇ ಬಂದವು. ಮಿಕ್ಸಿಯ ಮೋಟಾರು ಇನ್ನೂ ಒಂದು ವರ್ಷ ಎಳೆಯುತ್ತದೆ ಎಂದು ರಿಪೇರಿಯವರು ಹೇಳಿದ್ದಾರೆ, ಆದ್ದರಿಂದ ಅದರ ಪಾಲನ್ನು ಮುಂದಿನ ವರ್ಷದ ಹಾಳೆಗೆ ಬರೆದುಕೊಂಡಿದ್ದೇನೆ.